ಮೂರಡಿ ಅಗಲದ ಕಡಲು

ನಮ್ಮೂರಿನವರು ಯಾರಾದರೂ ಪರಸ್ಥಳದಲ್ಲಿ ತೀರಿಕೊಂಡ ಸುದ್ದಿ ಬಂದರೆ ಜನ ಮೊದಲು ಕೇಳುವುದು ‘ನೆಲ ಬಂತಾ?’ ಅಂತ. ಬಂತು ಅಂದರೆ ಕೂತು ಅಳುತ್ತಾರೆ. ಬಂದಿಲ್ಲ ಅಂದರೆ ಅಳು ತಡೆದುಕೊಂಡು, ಚಾ ಕುಡಿದು, ನಾಳೆ ಬರುತ್ತೇವೆ ಅಂತ ಎದ್ದು ಹೋಗುತ್ತಾರೆ. ಸತ್ತವರು ಕೊನೆಗೆ ಬಿದ್ದ ಜಾಗ, ಸುಮಾರು ಆರಡಿ ಉದ್ದ, ಮೂರಡಿ ಅಗಲ, ಒಂಬತ್ತು ದಿನದೊಳಗೆ ಅವರ ಮನೆಗೆ ಬಂದು ಸೇರಿಕೊಳ್ಳುತ್ತದೆ. ಅಡುಗೆಮನೆಗೆ ಬರಬಹುದು, ಹಿತ್ತಲಿಗೆ ಬರಬಹುದು, ನಡುಮನೆಯಲ್ಲಿ ಮಂಚದ ಕೆಳಗೂ ಬರಬಹುದು. ಬರುವುದನ್ನು ಕಣ್ಣಾರೆ ಕಂಡವರಿಲ್ಲ. ಅದು ಬರುವ ತನಕ ತಿಥಿ ಮಾಡುವ ಹಾಗಿಲ್ಲ.

ಹಳೇಪೇಟೆಯ ಸಾವಂತ್ರಜ್ಜಿಯ ಗಂಡ ಯಾವುದೋ ದೂರದ ರೈಲು ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಬಿದ್ದ. ಈಗ ಅಜ್ಜಿಯ ಅಡುಗೆಮನೆಯಲ್ಲಿ ಆರಡಿ ಪ್ಲಾಟ್‌ಫಾರಂ ಇದೆ. ಅಲ್ಲಿ ಹತ್ತೂವರೆಯ ಎಕ್ಸ್‌ಪ್ರೆಸ್ ಹಾದುಹೋದಾಗ ಇಲ್ಲಿ ಸ್ಟ್ಯಾಂಡಿನ ಲೋಟಗಳು ಅದುರುತ್ತವೆ. ಅಜ್ಜಿ ಅದನ್ನು ಕೇಳಿಯೇ ಬೇಳೆಗೆ ನೀರಿಡುತ್ತಾಳೆ. ಲಾರಿ ಡ್ರೈವರ್ ಮೈಲಾರಿಯದು ಮಾತ್ರ ದೊಡ್ಡ ರಂಪವಾಯಿತು. ಅವನು ಸತ್ತ ಡಾಂಬರು ರಸ್ತೆ ಹೆಂಡತಿಯ ಮನೆಗೆ ಬರದೆ ಕೆಳಗಿನ ಓಣಿಯ ಇನ್ನೊಬ್ಬಳ ಹಿತ್ತಲಿಗೆ ಬಂತು. ಮೂರು ತಿಂಗಳು ಊರಿಗೆ ಬೇರೆ ಮಾತೇ ಇರಲಿಲ್ಲ. ಹೆಂಡತಿ ಮೊದಲ ಸಲ ಪೊರಕೆ ಹಿಡಿದು ಹೋದಳು; ಈಗ ವರ್ಷಕ್ಕೊಮ್ಮೆ ಎಡೆ ಹಿಡಿದು ಹೋಗುತ್ತಾಳೆ, ಇಬ್ಬರೂ ಆ ಡಾಂಬರಿನ ಪಕ್ಕದಲ್ಲಿ ಕೂತು ಅವನನ್ನು ಬೈದುಕೊಂಡು ಉಣ್ಣುತ್ತಾರೆ. ಆದರೂ ನೆಲ ಬೇರೆಯವರ ಮನೆಗೆ ಹೋಯಿತು ಅನ್ನುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ಸತ್ತವನು ಯಾವುದನ್ನು ತನ್ನ ಮನೆ ಅಂದುಕೊಂಡಿದ್ದನೋ ಅಲ್ಲಿಗೇ ಅದು ಬರುವುದು ಅಂತ ಎಲ್ಲರಿಗೂ ಗೊತ್ತು.

ನಾನು ಪುರಸಭೆಯಲ್ಲಿ ಅಳತೆಯವನು. ಹೆಸರು ಸಿದ್ದರಾಮ, ಓಣಿಯವರಿಗೆ ಸಿದ್ರಾಮಣ್ಣ. ಬಂದ ನೆಲವನ್ನು ಅಳೆದು ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ. ಹೆಸರು, ಉದ್ದಗಲ, ನೆಲದ ಗುಣ, ಯಾರ ಮನೆ, ಇಷ್ಟೇ ಕಲಮು. ಹೋದ ಮನೆಯಲ್ಲಿ ನಿಯಮ ಓದಿ ಹೇಳಬೇಕು: ಅಗೆಯಬಾರದು, ಮುಚ್ಚಬಾರದು, ಒಂದು ಹಿಡಿಯನ್ನೂ ತೆಗೆಯಬಾರದು. ಇಪ್ಪತ್ತೊಂಬತ್ತು ವರ್ಷದಲ್ಲಿ ಇನ್ನೂರ ಹನ್ನೊಂದು ನೆಲ ಅಳೆದಿದ್ದೇನೆ. ಅಳುವ ಮನೆಯಲ್ಲಿ ಟೇಪು ಹಿಡಿಯುವವನಿಗೆ ಸ್ವಲ್ಪ ಕಲ್ಲು ಮನಸ್ಸು ಬೇಕು, ನನ್ನದು ಹುಟ್ಟಾ ಹಾಗೇ ಇದೆ ಅಂತ ನನ್ನ ಹೆಂಡತಿ ಬದುಕಿದ್ದಾಗ ಹೇಳುತ್ತಿದ್ದಳು. ಅವಳು ಹಾಸಿಗೆಯಲ್ಲೇ ಹೋದಳು, ಹಾಗಾಗಿ ಅಳೆಯುವುದಕ್ಕೆ ಏನೂ ಬರಲಿಲ್ಲ.

ನನ್ನ ಮನೆಯ ಎದುರಿಗೇ ದುರುಗಮ್ಮನ ಮಂಡಕ್ಕಿ ಭಟ್ಟಿ. ಮನೆಯೂ ಅದೇ, ಭಟ್ಟಿಯೂ ಅದೇ. ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿದರೆ ಮಧ್ಯಾಹ್ನದವರೆಗೆ ಹೊಗೆ ನೇರ ನನ್ನ ಜಗುಲಿಗೆ. ಅವಳ ಜೊತೆ ನನ್ನದು ಇಪ್ಪತ್ತು ವರ್ಷದ ಜಗಳ. ಹೊಗೆಗೆ ಅಂತಲೇ ಜಗುಲಿಗೆ ಬಿದಿರಿನ ತಟ್ಟಿ ಕಟ್ಟಿಸಿದೆ. ಅಕ್ಕಿ ನೆನೆಸಿದ ಉಪ್ಪುನೀರನ್ನು ಅವಳು ಬೀದಿಗೆ ಚೆಲ್ಲಿದರೆ ಅದೂ ನನ್ನ ಬಾಗಿಲಿಗೇ ಹರಿದು ಬರುತ್ತಿತ್ತು. ಒಂದು ಸಲ ರೇಗಿಹೋಗಿ ಲೆವೆಲ್ ಪೈಪು ತಂದು ಬೀದಿಯಲ್ಲಿ ಎಲ್ಲರೆದುರು ಅಳೆದು ತೋರಿಸಿದೆ: ಅವಳ ಹೊಸಿಲು ನನ್ನ ಜಗುಲಿಗಿಂತ ಒಂದು ಅಡಿ ಏಳು ಅಂಗುಲ ಎತ್ತರ. ಪುರಸಭೆಯವರು ನಡುವೆ ಚರಂಡಿ ತೋಡಿಸಿದರು. ಅವಳು ಸೊಂಟಕ್ಕೆ ಕೈಯಿಟ್ಟು ‘ಅಳ್ದ್ರಲ್ಲಾ, ಈಗ ನಿದ್ದೆ ಬರ್ತದೆ ಬಿಡಿ’ ಅಂದಿದ್ದಳು.

ಅವಳ ಒಬ್ಬನೇ ಮಗ ಓಬಳೇಶ. ಗಂಡ ಸಾಯುವಾಗ ಮಗನಿಗೆ ನಾಲ್ಕು ವರ್ಷ. ತಾಯಿ ನನ್ನ ಜೊತೆ ಜಗಳವಾಡುತ್ತಿದ್ದರೂ ಅವನು ಬೀದಿ ದಾಟಿ ನನ್ನ ಜಗುಲಿಗೆ ಬರುವುದನ್ನು ಬಿಡಲಿಲ್ಲ. ಜಗುಲಿಯ ಚಪ್ಪಡಿ ಕಲ್ಲಿನ ಮೇಲೆ ಯಾರೋ ಹಿಂದಿನವರು ಹುಲಿ-ಕುರಿ ಆಟದ ಮನೆ ಕೆತ್ತಿದ್ದರು. ಅವನಿಗೆ ಅದರ ಹುಚ್ಚು. ಯಾವಾಗಲೂ ಕುರಿ ಅವನವು, ಹುಲಿ ನನ್ನವು. ಅಂಗಿ ಜೇಬಿನ ತುಂಬ ಮಂಡಕ್ಕಿ, ಒಂದು ಕುರಿ ಇಡುವುದು, ಒಂದು ಹಿಡಿ ಬಾಯಿಗೆ ಹಾಕುವುದು. ಗೆಲ್ಲುವ ಹೊತ್ತಿಗೆ ಸಿಳ್ಳೆ ಹಾಕುತ್ತಿದ್ದ. ಅದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ‘ಮಾವ, ನಿಮ್ ಹುಲಿಗೆ ವಯಸ್ಸಾಯ್ತು’ ಅನ್ನುತ್ತಿದ್ದ. ಕತ್ತಲಾಗುವ ಮುಂಚೆ ಎದುರಿನಿಂದ ಅವನ ತಾಯಿಯ ದನಿ: ‘ಕಾಲ್ ತೊಳ್ಕೊಂಡ್ ಒಳಗ್ ಬಾರೋ.’ ಹದಿನೈದು ವರ್ಷ ಆ ಒಂದು ಕೂಗು ದಿನಾ ಕೇಳಿದ್ದೇನೆ. ಅವನು ಒಂದು ದಿನವೂ ಕಾಲು ತೊಳೆಯಲಿಲ್ಲ.

ಹತ್ತೊಂಬತ್ತಕ್ಕೆ ಅವನಿಗೆ ಸೈನ್ಯ ಸೇರುವ ಆಸೆ ಹುಟ್ಟಿತು. ಭರ್ತಿಗೆ ಹೋದವನು ಎದೆ ಒಂದಂಗುಲ ಕಡಿಮೆ ಅಂತ ಹಿಂದಕ್ಕೆ ಬಂದ. ಎತ್ತರ ಇತ್ತು, ಕಾಲಿತ್ತು, ಎದೆ ಮಾತ್ರ ಸಾಲದು. ನನ್ನ ಹತ್ತಿರ ಬಂದು, ‘ಮಾವ, ನೀವು ದಿನಾ ಅಳೀರಿ, ಎಷ್ಟಾಗ್ತದೆ ಗೊತ್ತಾಗ್ಲಿ’ ಅಂದ. ಮೂರು ತಿಂಗಳು ಅಳೆದೆ. ಉಸಿರು ಹೇಗೆ ಎಳೆಯಬೇಕು, ಹೇಗೆ ಹಿಡಿಯಬೇಕು ಅಂತ ನಾನೇ ಹೇಳಿಕೊಟ್ಟೆ, ದಂಡ ಹೊಡೆಸಿದೆ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ದಿನದಿನದ ಅಳತೆ ಬರೆದಿಟ್ಟೆ. ಒಂದಂಗುಲ ತುಂಬಿದ ದಿನ ಸಂತೋಷದಿಂದ ಅವನಿಗೆ ಒಂದಾಟ ಬಿಟ್ಟುಕೊಟ್ಟೆ. ಈಗ ಯೋಚಿಸಿದರೆ ಆ ಸಂತೋಷಕ್ಕೆ ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಭರ್ತಿಯಾದದ್ದನ್ನು ತಾಯಿಗೆ ಹೇಳಿದ್ದು ಹೊರಡುವ ಹಿಂದಿನ ದಿನ. ತಟ್ಟಿಯ ಸಂದಿಯಿಂದ ನನಗೆಲ್ಲ ಕೇಳುತ್ತಿತ್ತು. ದುರುಗಮ್ಮ ಬಾಣಲೆಯ ಮುಂದಿನಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ‘ನಿನ್ ಇಷ್ಟ. ಹೋಗೋದಾದ್ರೆ ಹೋಗು. ಈ ಹೊಸಿಲು ಮತ್ತೆ ತುಳೀಬೇಡ. ಕಾಗ್ದ ಗೀಗ್ದ ಏನೂ ಬರೀಬೇಡ’ ಅಂದಳು. ಅವನು ಹೂಂ ಅಂದ. ಬೆಳಿಗ್ಗೆ ಟ್ರಂಕು ಹಿಡಿದು ನನ್ನ ಜಗುಲಿಗೆ ಬಂದು ಒಂದು ಕುರಿ ಇಟ್ಟು, ‘ಇದು ನನ್ ಆಟ. ನಿಮ್ದು ಕಾಗದದಲ್ಲಿ ಬರೀರಿ ಮಾವ’ ಅಂದು ಹೋದ. ಎದುರು ಬಾಗಿಲು ಮುಚ್ಚಿತ್ತು, ಹೊಗೆ ಮಾತ್ರ ಬರುತ್ತಿತ್ತು.

ಆಟದ ಇಪ್ಪತ್ತಮೂರು ಮನೆಗೂ ನಾನು ನಂಬರು ಹಾಕಿ ಒಂದು ನಕ್ಷೆ ಮಾಡಿ ಅವನಿಗೆ ಕೊಟ್ಟಿದ್ದೆ. ಒಂದು ವರ್ಷದಲ್ಲಿ ಹನ್ನೊಂದು ಕಾಗದ ಬಂದವು. ಒಂದೊಂದರಲ್ಲೂ ಎರಡೇ ಸಾಲು. ಮೊದಲನೆಯದು ಆಟ: ಎಂಟರ ಕುರಿ ಒಂಬತ್ತಕ್ಕೆ, ಹೀಗೆ. ಎರಡನೆಯದು ಯಾವಾಗಲೂ ಒಂದೇ: ‘ಎದುರು ಮನೆ ಹೊಗೆ ಹೇಗಿದೆ?’ ಇವನಿಗೆ ನನ್ನನ್ನು ಕೆಣಕುವುದು ಬಿಟ್ಟು ಬೇರೆ ಕಸುಬಿಲ್ಲ ಅಂದುಕೊಂಡು, ‘ಹೊಗೆಗೇನು ಬಂತು, ದಂಡಿಯಾಗಿದೆ, ಕೆಮ್ಮೂ ಇದೆ’ ಅಂತ ಬರೆಯುತ್ತಿದ್ದೆ. ಹನ್ನೊಂದನೆಯ ಕಾಗದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ. ಅದರಲ್ಲಿದ್ದ ಆಟದಿಂದ ನನ್ನ ಮೂರನೆಯ ಹುಲಿಯೂ ಸಿಕ್ಕಿಬಿತ್ತು. ಸೋತವನಿಗೆ ಬರೆಯಲು ಏನಿರುತ್ತದೆ? ಮುಖ ಊದಿಸಿಕೊಂಡು ಮೂರು ವಾರ ಕೂತೆ.

ಆ ವರ್ಷ ಶುರುವಾಗಿದ್ದ ಯುದ್ಧ ಆ ಹೊತ್ತಿಗೆ ದ್ವೀಪಗಳ ಕಡೆ ಹೋಗಿತ್ತು. ಅವನನ್ನು ಕಳಿಸಿದ ದ್ವೀಪದ ಹೆಸರನ್ನು ನಮ್ಮಲ್ಲಿ ಯಾರೂ ಇವತ್ತಿಗೂ ನೆಟ್ಟಗೆ ಹೇಳಲಾರರು. ಗುರುವಾರ ಮಧ್ಯಾಹ್ನ ಅಂಚೆಯವನು ದುರುಗಮ್ಮನ ಬಾಗಿಲಲ್ಲಿ ನಿಂತು ತಂತಿ ಓದಿದ. ಹಿಂದಿನಿಂದಲೇ ಸೈನ್ಯದ ಕಾಗದವೂ ಬಂತು. ದೋಣಿಯಿಂದ ಇಳಿದ ಮೊದಲ ತಂಡದಲ್ಲಿ ಸಿಪಾಯಿ ಓಬಳೇಶನಿದ್ದ, ನೀರು ದಾಟಿ ದಂಡೆಗೆ ಓಡುವಾಗ ಗುಂಡು ತಗುಲಿತು, ಅಲ್ಲೇ ಮಣ್ಣು ಮಾಡಲಾಗಿದೆ, ವಯಸ್ಸು ಇಪ್ಪತ್ತು. ಜನ ಸೇರಿದರು. ‘ನೆಲ ಬಂತಾ?’ ಅಂದರು. ಇನ್ನೂ ಇಲ್ಲ ಅಂದಳು. ಮರುದಿನ ಭಟ್ಟಿಯ ಅಂಗಳದಲ್ಲಿದ್ದ ಹೊಟ್ಟಿನ ರಾಶಿಯನ್ನು ಒಬ್ಬಳೇ ಬಾಚಿ, ಆರಡಿ ಜಾಗ ಗುಡಿಸಿ, ಸಗಣಿ ಸಾರಿಸಿ, ಅದರ ಪಕ್ಕದಲ್ಲಿ ಕೂತಳು.

ನೆಲ ಬಂದದ್ದು ನಾಲ್ಕನೆಯ ದಿನ ಬೆಳಿಗ್ಗೆ, ನನ್ನ ಜಗುಲಿಗೆ.

ಹಲ್ಲುಜ್ಜಲು ಎದ್ದು ಬಂದರೆ ಹುಲಿ-ಕುರಿ ಚಪ್ಪಡಿ ಇಲ್ಲ. ಅದಿದ್ದ ಕಡೆ ಬಿಳಿ ಮರಳು, ಒಂದು ತುದಿಯಲ್ಲಿ ಗೇಣುದ್ದ ನೀರು. ನಾನು ಕಡಲು ನೋಡಿದವನಲ್ಲ. ನಮ್ಮೂರಿನಲ್ಲಿ ಯಾರೂ ನೋಡಿಲ್ಲ. ಬೆರಳದ್ದಿ ಬಾಯಿಗಿಟ್ಟೆ, ಉಪ್ಪು. ಮರಳಿನಲ್ಲಿ ಎರಡು ಖಾಲಿ ತೋಟಾ, ಒಂದು ಅಂಗಿಯ ಗುಂಡಿ, ನಡುವೆ ಒಂದು ತಗ್ಗು. ಅಭ್ಯಾಸಬಲ, ಟೇಪು ತಂದು ಅಳೆದೆ: ಆರಡಿ ಒಂದಂಗುಲ, ಮೂರಡಿ. ಅಳೆದಾದ ಮೇಲೆ ಗೋಡೆಗೊರಗಿ ಕೂತೆ. ಅವನು ನನ್ನ ಮನೆಯನ್ನು ಮನೆ ಅಂದುಕೊಂಡಿದ್ದನಲ್ಲ ಅನ್ನಿಸಿತು. ದುಃಖ ಇತ್ತು, ಇಲ್ಲ ಅನ್ನುವುದಿಲ್ಲ. ಅದರ ಜೊತೆ ಸಂತೋಷವೂ ಆಯಿತು. ಹೇಳುವುದಕ್ಕೆ ನಾಚಿಕೆ, ಆದರೆ ಆದದ್ದು ಆಯಿತು.

ಆಮೇಲೆ ತಟ್ಟಿಯ ಸಂದಿಯಿಂದ ನೋಡಿದೆ. ದುರುಗಮ್ಮ ಸಾರಿಸಿದ ಜಾಗದ ಪಕ್ಕದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಹೆತ್ತವಳ ಮನೆ ಬಿಟ್ಟು ಎದುರು ಮನೆಗೆ ಬಂದ ಅಂತ ಇವಳಿಗೆ ಹೇಗೆ ಹೇಳುವುದು? ಅದೂ ಆ ಎದೆ ಅಳೆದ ನಾನು? ನಾಳೆ ಹೇಳೋಣ ಅಂದುಕೊಂಡೆ. ನಾಳೆ ಬಂದಾಗ ನಾಡಿದ್ದು ಅಂದುಕೊಂಡೆ. ತಟ್ಟಿಯನ್ನು ನೆಲದವರೆಗೆ ಇಳಿಸಿ ಹಗ್ಗ ಬಿಗಿದೆ. ಕೇಳಿದವರಿಗೆ ಹೊಗೆಗೆ ಕೆಮ್ಮು ಜಾಸ್ತಿಯಾಗಿದೆ ಅಂದೆ. ಆಫೀಸಿನಲ್ಲಿ ಸಾಹೇಬರು ಸಿಪಾಯಿಯ ಕಲಮು ಖಾಲಿ ಇದೆಯಲ್ಲ ಅಂದಾಗ ಪೆನ್ನು ತೆಗೆದು ‘ಬಂದಿಲ್ಲ’ ಅಂತ ಬರೆದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ಬರೆದ ಸುಳ್ಳು ಅದೊಂದೇ.

ಕಡಲಿನ ಜೊತೆ ಸಂಸಾರ ಸುಲಭವಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಪ್ರತಿದಿನ ಮುಕ್ಕಾಲು ಗಂಟೆ ತಡವಾಗಿ. ಏರಿದಾಗ ಮರಳೆಲ್ಲ ಮುಚ್ಚಿ ಇನ್ನೂ ಎರಡು ಬಿಂದಿಗೆಯಷ್ಟು ನಡುಮನೆಗೆ ಹರಿಯುತ್ತದೆ. ನಾನು ಗೋಣಿಚೀಲ ಹಾಸಿ, ಬಕೆಟಿನಲ್ಲಿ ಬಳಿದು ಹಿತ್ತಲಿಗೆ ಚೆಲ್ಲುತ್ತಿದ್ದೆ. ಕರಿಬೇವಿನ ಗಿಡ ಒಣಗಿತು. ಒಂದು ದಿನ ಸಣ್ಣ ಏಡಿಯೊಂದು ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು, ಹಿಡಿದು ವಾಪಸ್ಸು ಬಿಟ್ಟೆ. ಸಂಜೆ ಆಫೀಸಿನಿಂದ ಬಂದು ಮರಳಿನ ಪಕ್ಕದಲ್ಲಿ ಕೂತು ಒಬ್ಬನೇ ಮಾತಾಡುವುದೂ ಶುರುವಾಯಿತು. ನೀನೇ ಗೆದ್ದೆ ಕಣೋ, ಆಯ್ತಾ, ಅಂತ ಒಂದು ದಿನ ಹೇಳಿಯೂಬಿಟ್ಟೆ. ನೆಲ ಬಂದ ಕಡೆ ಮೊದಲಿದ್ದ ನೆಲ ಎಲ್ಲಿಗೆ ಹೋಗುತ್ತದೆ ಅಂತ ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಅಳತೆಯವನಿಗೆ ಆ ಲೆಕ್ಕ ಕಾಡುತ್ತದೆ. ನನ್ನ ಚಪ್ಪಡಿ ಈಗ ಆ ದಂಡೆಯಲ್ಲಿರಬೇಕು, ಮೂರು ಹುಲಿ ಹದಿನೈದು ಕುರಿಯ ಮನೆಗಳ ಸಮೇತ, ಮಿಕ್ಕ ಸಿಪಾಯಿಗಳು ಅದನ್ನು ದಾಟಿಕೊಂಡು ಓಡಾಡುತ್ತಿರಬೇಕು.

ಇತ್ತ ಒಂಬತ್ತು ದಿನ ಕಳೆದವು, ಹದಿನೈದು ಕಳೆದವು. ನೆಲ ಬಾರದಿದ್ದರೆ ಜನ ಏನು ತಿಳಿಯಬೇಕು? ಓಬಳೇಶ ಸತ್ತಿಲ್ಲ ಅಂತ ತಿಳಿದರು. ಸೈನ್ಯದವರಿಗೆ ಹೆಸರು ಅದಲುಬದಲಾಗಿದೆ, ಅಂಥ ಗದ್ದಲದಲ್ಲಿ ಯಾರನ್ನು ಯಾರು ನೋಡಿರುತ್ತಾರೆ ಅಂದರು. ದುರುಗಮ್ಮ ಮೊದಲು ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ತಲೆಗೆ ಎಣ್ಣೆ ಹಚ್ಚಿ ಬಾಚತೊಡಗಿದಳು. ಗೋಡೆಗೆ ಸುಣ್ಣ ಬಳಿದಳು. ಮಗನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಬೀದಿಯಲ್ಲಿ ಯಾರೋ, ‘ಬಂದ್ರೆ ಒಳಗೆ ಬಿಟ್ಕೊಂತೀಯೇನಮ್ಮ?’ ಅಂತ ಕೆಣಕಿದರೆ, ‘ಬರ್ಲಿ. ಬಾಗ್ಲಲ್ಲಿ ನಿಂತು ತಪ್ಪಾತು ಅನ್ಲಿ. ಆಮೇಲೆ ನೋಡಾಣ’ ಅಂದಳು. ಅದನ್ನು ಅನ್ನುವಾಗ ಅವಳು ನಕ್ಕಿದ್ದನ್ನು ನಾನು ತಟ್ಟಿಯ ಹಿಂದಿನಿಂದ ನೋಡಿದೆ. ಆ ನಗು ನನ್ನ ಕೈಯಿಂದ ಆದದ್ದು. ಬಿಡಿಸುವುದು ಹೇಗೆ ಅಂತ ಗೊತ್ತಾಗದೆ ಅವತ್ತು ಅನ್ನ ಸೇರಲಿಲ್ಲ.

ಇಪ್ಪತ್ತನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ, ಅವಳೇ ನನ್ನನ್ನು ಬಾಗಿಲಿಗೆ ಕರೆದಳು, ನಾನು ಹೊಸಿಲಿನ ಹೊರಗೇ ನಿಂತೆ. ಬಾಣಲೆಯಲ್ಲಿ ಮರಳು ಕಾದು ಮಿಸುಕುತ್ತಿತ್ತು, ಅದಕ್ಕೆ ಅಕ್ಕಿ ಸುರಿದು ಕಡ್ಡಿಪೊರಕೆಯಲ್ಲಿ ತಿರುವುತ್ತಿದ್ದಳು. ಕಣ್ಣು ಬಾಣಲೆಯ ಮೇಲೇ ಇತ್ತು.

‘ಸಿದ್ರಾಮಣ್ಣ, ನಿಮ್ ರಿಜಿಸ್ಟರ್‌ನಾಗೆ ಹಿಂದೆ ಯಾವತ್ತಾದ್ರೂ ಹಿಂಗಾಗಿದ್ದುಂಟಾ? ಸತ್ತೋರ್ದು ನೆಲ ಬರದೇ ಇದ್ದಿದ್ದು?’

‘ನಾನು ನೋಡಿಲ್ಲ’ ಅಂದೆ.

‘ಅಂದ್ರೆ ನಮ್ಮೋನು ಇದಾನೆ.’

ಅವಳು ಅರಳಿದ ಮಂಡಕ್ಕಿಯನ್ನು ಜರಡಿಗೆ ಸುರಿದು ಮರಳು ಅಲ್ಲಾಡಿಸುತ್ತ ಬಗ್ಗಿದಳು. ಬಗ್ಗಿದವಳು ಹಾಗೇ ತಡೆದಳು. ನನ್ನ ಪ್ಯಾಂಟಿನ ಕೆಳಮಡಿಕೆಯನ್ನು ನೋಡುತ್ತಿದ್ದಳು. ಕೈ ಚಾಚಿ ಆ ಮಡಿಕೆಯಿಂದ ಒಂದು ಚಿಟಿಕೆ ತೆಗೆದು, ಹೆಬ್ಬೆಟ್ಟು ತೋರುಬೆರಳಿನ ನಡುವೆ ಉಜ್ಜಿದಳು. ಮೂವತ್ತು ವರ್ಷ ಮರಳು ಹುರಿದವಳು ಅವಳು. ಹಳ್ಳದ ಮರಳು, ಕೆರೆಯ ಮರಳು, ಎರಡು ಸಲ ಕಾದದ್ದು, ಹತ್ತು ಸಲ ಕಾದದ್ದು, ಎಲ್ಲ ಬೆರಳಲ್ಲೇ ಹೇಳುತ್ತಾಳೆ. ನಾಲಿಗೆಗೆ ಹಚ್ಚಿ ನೋಡಿದಳು.

‘ಇದು ನಮ್ ಕಡೇದಲ್ಲ’ ಅಂದಳು. ‘ಉಪ್ಪೈತೆ.’

ಜರಡಿ ಕೆಳಗಿಟ್ಟು ಎದ್ದಳು. ಒಲೆಯ ಮೇಲೆ ಬಾಣಲೆ ಇರುವಾಗ ಅವಳು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಚರಂಡಿ ದಾಟಿ, ನನ್ನ ಎರಡು ಮೆಟ್ಟಿಲು ಹತ್ತಿ, ತಟ್ಟಿಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ನಾನು ಹಿಂದೆ ಹೋದೆ.

ನೀರು ಇಳಿದ ಹೊತ್ತು. ಮರಳು ಒದ್ದೆಯಾಗಿತ್ತು. ಅವಳು ಅಳಲಿಲ್ಲ. ಆ ತಗ್ಗನ್ನು ನೋಡಿದಳು. ಆಮೇಲೆ ಗೋಡೆಯ ಮೇಲಿನ ಪೆನ್ಸಿಲಿನ ಅಳತೆಗಳನ್ನು ನೋಡಿದಳು.

‘ಎಷ್ಟ್ ದಿನ ಆತು?’

‘ಇಪ್ಪತ್ತು.’

‘ಇಪ್ಪತ್ತು ದಿನ ನನ್ ಕೈಲಿ ಸುಣ್ಣ ಬಳಿಸಿದ್ರಿ. ಹಾಸಿಗೆ ಒಣಗಿಸಿದ್ರಿ. ಸಿದ್ರಾಮಣ್ಣ, ನಾಯಿಗೂ ಹಿಂಗ್ ಮಾಡಲ್ಲ ಜನ.’

‘ಮಾಡಬಾರದಿತ್ತು’ ಅಂದೆ. ‘ನಿನ್ನ ಮನೆ ಬಿಟ್ಟು ಇಲ್ಲಿಗೆ ಬಂದಿದ್ದಾನೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.’

‘ಇಲ್ಲಿಗ್ ಬರದೇ ಏನು. ಎದೆ ಅಳೆದೋರು ನೀವು. ಅವನಿಗೆ ನೀವೇ ಹೆಚ್ಚಾಗಿದ್ರಿ, ನೆಲಾನೂ ನಿಮ್ಗೇ ಬಂತು. ಇಟ್ಕೊಳ್ಳಿ.’

ಅಂದು ಹೊರಟಳು. ಅವಳನ್ನು ಹಾಗೆ ಕಳಿಸುವುದು ನನ್ನಿಂದಾಗಲಿಲ್ಲ. ಏನು ಕೊಡಬೇಕೋ ತೋಚದೆ ಗೂಡಿನಿಂದ ಕಾಗದಗಳನ್ನು ತೆಗೆದು ಕೈಗಿಟ್ಟೆ. ಅವನ ಕೈಬರಹವಾದರೂ ಇರಲಿ ಅಂತ. ಅವಳಿಗೆ ಓದು ಬಾರದು. ‘ಓದ್ರಿ’ ಅಂದಳು. ನಾನು ಮರಳಿನ ಪಕ್ಕದಲ್ಲಿ ಕೂತು ಓದಿದೆ. ಎಂಟರ ಕುರಿ ಒಂಬತ್ತಕ್ಕೆ. ಎದುರು ಮನೆ ಹೊಗೆ ಹೇಗಿದೆ. ಹದಿನೇಳರದು ಹನ್ನೆರಡಕ್ಕೆ, ಎದುರು ಮನೆ ಹೊಗೆ ಹೇಗಿದೆ. ನಾಲ್ಕನೆಯ ಕಾಗದಕ್ಕೆ ಬರುವಾಗ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಆರನೆಯದಕ್ಕೆ ಅವಳು ಕೂತಳು. ಹನ್ನೊಂದು ಸಲವೂ ಕೆಣಕುವ ಮಾತು ಅಂತ ಓದಿದ್ದ ಸಾಲು ಅದು. ಕಾಗದ ಬರೆಯಬೇಡ ಅಂದಿದ್ದಳು ತಾಯಿ, ಬರೆಯಲಿಲ್ಲ. ಬೇರೆ ಯಾರಿಗೆ ಬರೆದು ಕೇಳಬೇಕಿತ್ತು ಅವನು? ಅವಳ ಒಲೆ ಉರಿಯುತ್ತಿದೆಯಾ, ಎದ್ದು ಓಡಾಡುತ್ತಿದ್ದಾಳಾ ಅನ್ನುವುದು ನನ್ನ ಜಗುಲಿಯಿಂದಷ್ಟೇ ಕಾಣುತ್ತದೆ.

‘ಕೊನೇದಕ್ಕೆ ಏನಂತ ಬರೆದ್ರಿ?’ ಅಂದಳು.

‘ಬರೀಲಿಲ್ಲ. ಆಟ ಸೋತಿದ್ದೆ. ಸಿಟ್ಟಿತ್ತು.’

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಮರಳಿನ ಕಡೆ ತಿರುಗಿ, ‘ಹೊಗೆ ಇತ್ತಪ್ಪ. ದಿನಾ ಇತ್ತು’ ಅಂದಳು.

ಆಮೇಲೆ ಅವಳು ಎದ್ದು ನೆಲವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ನೀರಿನ ತುದಿ ನನ್ನ ನಡುಮನೆಯ ಕಡೆಗೆ, ದಂಡೆಯ ತುದಿ ಬೀದಿಯ ಕಡೆಗೆ. ಇಪ್ಪತ್ತು ದಿನ ಅದರ ಜೊತೆ ಇದ್ದೆ, ಉದ್ದ ಅಳೆದೆ, ಅಗಲ ಅಳೆದೆ, ದಿಕ್ಕು ನೋಡಿರಲಿಲ್ಲ. ಅವನು ನೀರಿನಿಂದ ದಂಡೆಯ ಕಡೆ ಓಡುತ್ತಿದ್ದಾಗ ಬಿದ್ದವನು. ದುರುಗಮ್ಮ ತಟ್ಟಿಯ ಹಗ್ಗ ಬಿಚ್ಚಿ ಮೇಲಕ್ಕೆ ಸುತ್ತಿದಳು. ಎದುರಿಗೆ ಅವಳ ಬಾಗಿಲು, ಹೊಸಿಲು, ಹೊಗೆ. ಬಾಣಲೆಯಲ್ಲಿ ಉಳಿದಿದ್ದ ಕಾಳು ಸೀದು ಹೊಗೆ ಅವತ್ತು ಕಪ್ಪಗಿತ್ತು.

‘ಅವ್ನು ನನ್ ಮಾತು ಮೀರಲಿಲ್ಲ ಸಿದ್ರಾಮಣ್ಣ’ ಅಂದಳು. ‘ತುಳೀಬೇಡ ಅಂದಿದ್ದೆ. ಎಷ್ಟ್ ಹತ್ರ ಬರಬೋದೋ ಅಷ್ಟ್ ಹತ್ರ ಬಂದು ನಿಂತವ್ನೆ.’

ನನ್ನ ಮನೆಗೆ ಅಂತ ಬಂದದ್ದಲ್ಲ ಅದು. ಆ ಕ್ಷಣ ನೋವಾಯಿತು; ಐವತ್ತೆಂಟರ ವಯಸ್ಸಿಗೆ ಚಿಕ್ಕ ಹುಡುಗರ ಹಾಗೆ ನೋವಾಯಿತು. ನಾನು ಎದುರು ಮನೆಯವನು, ಅಷ್ಟೇ. ಆದರೆ ಹದಿನೈದು ವರ್ಷ ಆಡಿದ್ದೂ ಸುಳ್ಳಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಅವತ್ತೇ ಮಧ್ಯಾಹ್ನ ಅವಳು ಬಡಗಿ ಮೌನೇಶಾಚಾರಿಯನ್ನು ಕರೆಸಿ ಹೊಸಿಲು ಕೀಳು ಅಂದಳು. ಅವನು ಉಳಿ ಮುಟ್ಟಲೇ ಇಲ್ಲ. ‘ಹೊಸಿಲು ಕಿತ್ತ ಮನೆ ಉಳಿಯಲ್ಲಮ್ಮ’ ಅಂದ. ‘ಉಳಿಯಾಕೆ ಇನ್ನೇನೈತೆ? ಕೀಳಪ್ಪ’ ಅಂದಳು. ಅಷ್ಟರಲ್ಲಿ ಜಗುಲಿಯ ಮರಳನ್ನು ನೋಡಿದ್ದ ಓಣಿಯವರೆಲ್ಲ ಬಾಗಿಲಲ್ಲಿ ನಿಂತರು, ಮಗ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಅಂತ ಒಬ್ಬಿಬ್ಬರು ಅಂದರು. ಆಚಾರಿ ಕೈಮುಗಿದು ಕೆಲಸ ಹಿಡಿದ. ಅರಿಶಿನ ಕುಂಕುಮ ಕುಡಿದು ಕಪ್ಪಾಗಿದ್ದ ಹಳೇ ತೇಗದ ಹೊಸಿಲು. ಬಿಡಿಸಿಕೊಳ್ಳಲು ಎರಡು ಗಂಟೆ ಹಿಡಿಯಿತು. ಅವಳು ಅದನ್ನು ಒಡೆಸಿ ಭಟ್ಟಿಯ ಸೌದೆಗೆ ಹಾಕಿಸಿದಳು.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ನೀರು ಏರುವ ಹೊತ್ತು. ನಾನು ಗೋಣಿಚೀಲ, ಬಕೆಟು ಹಿಡಿದು ನಡುಮನೆಯ ಬಾಗಿಲಲ್ಲಿ ತಯಾರಾಗಿ ನಿಂತಿದ್ದೆ. ನೀರು ಏರಿತು, ತಗ್ಗು ಮುಚ್ಚಿತು, ಮರಳು ಮುಚ್ಚಿತು. ನನ್ನ ಕಡೆಗೆ ಒಂದು ಹನಿಯೂ ಬರಲಿಲ್ಲ. ಬೀದಿಯ ಕಡೆಗೆ ಹೊರಟಿತು. ನನ್ನ ಎರಡು ಮೆಟ್ಟಿಲು ಇಳಿದು, ಚರಂಡಿಗೆ ಬೀಳದೆ ಅದರ ಮೇಲೇ ದಾಟಿ, ಎದುರು ಮನೆಯ ಏರು ಹತ್ತತೊಡಗಿತು. ಅತ್ತಿತ್ತ ಹರಡಲಿಲ್ಲ, ಅಗಲ ಸರಿಯಾಗಿ ಮೂರಡಿ. ಹಾಲಿನವನು ಸೈಕಲ್ ಎತ್ತಿ ಹಿಡಿದು ದಾರಿ ಬಿಟ್ಟ. ಶಾಲೆಗೆ ಹೊರಟ ಇಬ್ಬರು ಹುಡುಗಿಯರು ಲಂಗ ಎತ್ತಿಕೊಂಡು ದಾಟಿ ಹೋದರು. ಒಂದು ಅಡಿ ಏಳು ಅಂಗುಲ. ನಾನೇ ಲೆವೆಲ್ ಪೈಪು ಹಿಡಿದು ಅಳೆದದ್ದು, ತಪ್ಪಿರಲು ಸಾಧ್ಯವೇ ಇಲ್ಲ.

ನೀರಿನ ಪಕ್ಕದಲ್ಲೇ ನಡೆದುಕೊಂಡು ಹೋದೆ. ದುರುಗಮ್ಮ ಬಾಗಿಲಲ್ಲಿ ಜರಡಿ ಹಿಡಿದು ಕೂತಿದ್ದಳು. ನೋಡಿದಳು. ಒಳಗೆ ಕೈ ತೋರಿಸಿ, ‘ಸಿದ್ರಾಮಣ್ಣ, ಮೊದ್ಲು ಆ ಅಕ್ಕಿ ಮೂಟೆ ಎತ್ತಿಡ್ರಿ, ನೆನೀತದೆ’ ಅಂದಳು. ನಾನು ಒಳಗೆ ಹೋಗಿ ಮೂಟೆಯನ್ನು ಕಟ್ಟೆಯ ಮೇಲೆ ಇಟ್ಟೆ. ಇಪ್ಪತ್ತು ವರ್ಷದಲ್ಲಿ ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ತಿರುಗಿ ನೋಡಿದರೆ ನೀರು ಹೊಸಿಲಿದ್ದ ಜಾಗದವರೆಗೆ ಬಂದು ನಿಂತಿತ್ತು. ಬಿಳಿ ಮರಳು ಹೊತ್ತು ತಂದಿತ್ತು, ಅಂಚಿನಲ್ಲಿ ನೊರೆ ಇತ್ತು. ಮುಂದಕ್ಕೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ದುರುಗಮ್ಮ ಜರಡಿ ಪಕ್ಕಕ್ಕಿಟ್ಟು ಕಾಲು ಚಾಚಿದಳು.

‘ಇರ್ಲಿ ಬಿಡು’ ಅಂದಳು. ‘ಹಂಗೇ ಒಳಗ್ ಬಾ.’

ಮೊದಲು ಅವಳ ಪಾದ ನೆನೆಯಿತು, ಆಮೇಲೆ ಸೀರೆಯ ಅಂಚು. ನೀರು ಅವಳನ್ನು ದಾಟಿ, ಒಲೆಯ ಕಡೆ ಹೋಗದೆ, ಬಿಸಿಲಿಗೆ ಹಾಕಿ ತಂದು ಮಡಿಸಿಟ್ಟಿದ್ದ ಹಾಸಿಗೆಯ ಮೂಲೆಗೆ ಹೋಗಿ ನಿಂತಿತು. ಆಗ ಅವಳು ಅತ್ತಳು. ಇಪ್ಪತ್ತೈದು ದಿನದ್ದು ಒಟ್ಟಿಗೇ ಅತ್ತಳು. ನಾನು ಮೂಟೆಗಳ ಪಕ್ಕದಲ್ಲಿ ನಿಂತುಕೊಂಡೆ.

ಅವತ್ತು ಆಫೀಸಿಗೆ ಹೋಗಿ ರಿಜಿಸ್ಟರು ತೆಗೆದೆ. ‘ಬಂದಿಲ್ಲ’ ಅನ್ನುವುದನ್ನು ಹೊಡೆದುಹಾಕಿ ಸಹಿ ಮಾಡಿ, ಓಬಳೇಶ, ಸಿಪಾಯಿ, ಆರಡಿ ಒಂದಂಗುಲ, ಮೂರಡಿ ಅಂತ ಬರೆದೆ. ನೆಲದ ಗುಣದ ಕಲಮಿನಲ್ಲಿ ‘ನೀರು ಏರು ಹತ್ತುತ್ತದೆ’ ಅಂತ ಬರೆದದ್ದನ್ನು ಸಾಹೇಬರು ಓದಿ, ಇದೇನ್ರಿ ಇದು, ಅಂದರು. ಬಂದು ಅಳೆದು ನೋಡಿ ಸ್ವಾಮಿ ಅಂದೆ. ಮರಳು ಈಗಲೂ ನನ್ನ ಜಗುಲಿಯಲ್ಲಿದೆ. ತಟ್ಟಿ ತೆಗೆಸಿದ್ದೇನೆ, ಹೊಗೆ ನೇರ ಒಳಗೆ ಬರುತ್ತದೆ. ಯಾರ ಮನೆ ಅನ್ನುವ ಕಲಮಿನಲ್ಲಿ ದುರುಗಮ್ಮನ ಹೆಸರು ಬರೆದೆ.